ಚೀನಿ ಅಮ್ಮೋರು ನಕ್ಕ ಮಳೆಗಾಲ

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಎದುರು ಪೂಜೆ ಸಾಮಾನಿನ ಒಂದು ಅಂಗಡಿಯಿದೆ. ಹೋದ ತಿಂಗಳು ಸೆಟ್ಟೂರು ಕಡೆಗೆ ಹೋಗುವ ಜೀಪಿಗಾಗಿ ಅದರ ಮುಂದೆ ನಿಂತಿದ್ದೆವು. ಆಗಷ್ಟೇ ಸಣ್ಣದೊಂದು ಮಳೆ ಬಂದು ಹೋಗಿತ್ತು. ಅಂಗಡಿಯವನು ಗಲ್ಲಾಪೆಟ್ಟಿಗೆಯ ಪಕ್ಕ ಬೆರಳು ದಪ್ಪದ ಊದುಬತ್ತಿ ಹಚ್ಚಿಟ್ಟಿದ್ದ. ತಳ್ಳುಗಾಡಿಯವನೊಬ್ಬ ಕಿತ್ತಳೆ ಸುಲಿದು ಸಿಪ್ಪೆಯನ್ನು ಅಲ್ಲೇ ಎಸೆದಿದ್ದ. ಒದ್ದೆ ಸಿಮೆಂಟು, ಊದುಬತ್ತಿಯ ಹೊಗೆ, ಕಿತ್ತಳೆ ಸಿಪ್ಪೆ, ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಪೆನಾಂಗಿನ ಆ ಹಳೇ ಬೀದಿಯ ಚೀನಿ ದೇವಸ್ಥಾನದ ಜಗಲಿಗೆ ಹೋಗಿಬಿಟ್ಟೆ.

ಪಕ್ಕದಲ್ಲಿ ನನ್ನ ಗಂಡ ಬೂನ್ ಬೇಯಿಸಿದ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದ. ಗಂಡನನ್ನು ಏಕವಚನದಲ್ಲಿ ಕರೆಯುತ್ತೇನೆ ಅಂತ ಹುಬ್ಬು ಹಾರಿಸಬೇಡಿ. ಇಂಗ್ಲಿಷಿನಲ್ಲಿ ಪರಿಚಯವಾದ ಮನುಷ್ಯನಿಗೆ ಆಮೇಲೆ ಬಹುವಚನ ಹಚ್ಚಲು ನನ್ನಿಂದ ಆಗಲಿಲ್ಲ, ನಮ್ಮಮ್ಮನಿಗೆ ಅದೊಂದು ಕೊರಗು. ಕಲ್ಯಾಣದುರ್ಗದಲ್ಲಿ ಚೀನಿ ಮುಖದವನೊಬ್ಬ ನಿಂತರೆ ಜನ ನೋಡದೆ ಇರುತ್ತಾರೆಯೇ? ನೋಡುತ್ತಿದ್ದರು. ಅವನೂ ಅವರ ಕಡೆ ತಲೆಯಾಡಿಸುತ್ತಿದ್ದ. ಅಷ್ಟರಲ್ಲಿ ಅವನಿಗೂ ಆ ವಾಸನೆ ತಾಗಿತು. ನನ್ನ ಕಡೆ ತಿರುಗಿ, ‘ಅಮ್ಮನ ಗುಡಿ’ ಅಂದ, ಕನ್ನಡದಲ್ಲೇ. ಅಮ್ಮ ಚೀಲದ ಮೇಲೆ ಕೂತು ಜೀಪು ಬರುವ ದಿಕ್ಕನ್ನೇ ನೋಡುತ್ತಿದ್ದಳು. ಅವಳಿಗೆ ನಮ್ಮಿಬ್ಬರ ಗೊಡವೆ ಬೇಕಿರಲಿಲ್ಲ.

ನಮ್ಮದು ನೇಯುವವರ ಮನೆ. ತಾತನ ಕಾಲದಲ್ಲಿ ಸೆಟ್ಟೂರು ಕಡೆಯಿಂದ ಹಿಂದೂಪುರಕ್ಕೆ ಬಂದು ಮಗ್ಗ ಹೂಡಿದವರು. ಅಪ್ಪ ಬೇಗ ಹೋದರು. ಅಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡೇ ಅಣ್ಣನನ್ನೂ ನನ್ನನ್ನೂ ಸಾಕಿದಳು. ಈಗ ಮನೆಯಲ್ಲಿ ಮಗ್ಗವಿಲ್ಲ, ಅಣ್ಣ ಸೀರೆ ವ್ಯಾಪಾರ ಮಾಡುತ್ತಾನೆ. ಮನೆದೇವರು ಮಾತ್ರ ನಮ್ಮ ಜೊತೆ ಬರಲಿಲ್ಲ, ಸೆಟ್ಟೂರು ಕಡೆಯೇ ಉಳಿಯಿತು. ಮದುವೆಯಿರಲಿ, ಹೊಸ ಮನೆಯಿರಲಿ, ಅಲ್ಲಿಗೆ ಹೋಗಿ ಹೂ ಕೇಳಲೇಬೇಕು. ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ನನ್ನ ಮೊದಲ ಮದುವೆಗೆ ಕೇಳಿದಾಗ ಬಾಯಿಂದ ಮಾತು ಮುಗಿಯುವ ಮುಂಚೆ ಬಲಗಡೆ ಹೂ ಬಿದ್ದಿತ್ತು. ಅಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬೀದಿಯವರಿಗೆಲ್ಲ ತೋರಿಸಿದ್ದಳು. ಮದುವೆಯಾಗಿ ಮೂರು ವರ್ಷ ತುಂಬಿರಲಿಲ್ಲ, ಜ್ವರ ಅಂತ ಮಲಗಿದ ಗಂಡ ಏಳಲಿಲ್ಲ.

ಅವತ್ತಿನಿಂದ ಅಮ್ಮ ಯಾವ ದೇವರನ್ನೂ ಏನೂ ಕೇಳಲಿಲ್ಲ. ಹಬ್ಬಕ್ಕೆ ದೀಪ ಹಚ್ಚುತ್ತಿದ್ದಳು, ಕೈ ಮುಗಿಯುತ್ತಿದ್ದಳು, ಅಷ್ಟೇ. ಅಣ್ಣ ಅಂಗಡಿ ತೆರೆದಾಗಲೂ ಹೂ ಕೇಳಲು ಹೋಗಲಿಲ್ಲ. ಯಾಕಮ್ಮ ಅಂತ ಅವನು ಕೇಳಿದರೆ, ‘ಕೇಳಿದ್ದು ಸಾಕು ಕಣಪ್ಪ’ ಅನ್ನುತ್ತಿದ್ದಳು.

ನಾನು ನರ್ಸ್. ಹಿಂದೂಪುರದ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದವಳು, ಅದೇ ಬೀದಿ, ಅದೇ ಮರುಕದ ನೋಟ ನೋಡಿ ನೋಡಿ ಸಾಕಾಗಿ ಪೆನಾಂಗಿಗೆ ಹೋದೆ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ. ಆ ಕಟ್ಟಡದ ಲಿಫ್ಟು ವಾರಕ್ಕೊಮ್ಮೆ ಕೆಡುತ್ತಿತ್ತು, ರಿಪೇರಿಗೆ ಬರುತ್ತಿದ್ದವನೇ ಬೂನ್. ಕೈಗೆಲ್ಲ ಗ್ರೀಸು, ಮಾತು ಕಡಿಮೆ. ಗಾಲಿಕುರ್ಚಿಯ ಅಜ್ಜಿಯೊಬ್ಬಳು ಮೇಲೆ ಸಿಕ್ಕಿಹಾಕಿಕೊಂಡಾಗ ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಸಿದ. ಹಾಗೆ ಶುರುವಾಯಿತು. ಮದುವೆಯ ಮಾತು ಬಂದಾಗ, ಅಮ್ಮ ಒಪ್ಪದೆ ಆಗುವುದಿಲ್ಲ ಅಂದೆ. ವಿಧೇಯ ಮಗಳು ಅಂತೇನಲ್ಲ. ನನಗೇ ಭಯವಿತ್ತು. ಇನ್ನೊಂದು ಸಲ ಹಾಗೇನಾದರೂ ಆದರೆ ತಡೆದುಕೊಳ್ಳಲಾರೆ ಅನ್ನಿಸುತ್ತಿತ್ತು, ಅಮ್ಮ ಸರಿ ಅಂದರೆ ಆ ಭಯವನ್ನು ಅವಳೂ ಸ್ವಲ್ಪ ಹೊರುತ್ತಾಳೆ ಅಂತ ಆಸೆ. ಫೋನಿನಲ್ಲಿ ಹೇಳಿದಾಗ ಅಮ್ಮ ಅವನ ಹೆಸರು, ಕೆಲಸ ಕೇಳಿಕೊಂಡಳು. ಆಮೇಲೆ, ‘ನಾನೇ ಬತ್ತೀನಿ ಇರು’ ಅಂದಳು.

ಬಂದೇ ಬಂದಳು, ಒಂದು ತಿಂಗಳ ವೀಸಾ ಮಾಡಿಸಿಕೊಂಡು. ಅಲ್ಲಿ ಮಳೆ ಜೋರಾಗಿ ಹಿಡಿದುಕೊಂಡಿದ್ದ ತಿಂಗಳು ಅದು. ಬೆಳಿಗ್ಗೆ ಬೆವರಿಳಿಸುವ ಬಿಸಿಲು, ಟೀ ಹೊತ್ತಿಗೆ ಆಕಾಶ ಕಪ್ಪಾಗಿ ಒಂದೇ ಸಮನೆ ಸುರಿತ. ಅಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಮಳೆ ನೋಡುತ್ತಿದ್ದಳು. ‘ಹಿಂಗ್ ಸುರಿದು ಸುಮ್ಕೆ ಸಮುದ್ರಕ್ಕೆ ಹೋಯ್ತೈತಲ್ಲಮ್ಮ. ಒಂದಿನ, ಒಂದೇ ದಿನ ನಮ್ ಸೆಟ್ಟೂರು ಹೊಲದ ಮೇಲೆ ಬೀಳಬಾರ್ದಾ’ ಅಂತ ದಿನಾ ಲೊಚಗುಟ್ಟುತ್ತಿದ್ದಳು. ಒಣಗಲು ಹಾಕಿದ ಸೀರೆ ಒಣಗುತ್ತಿರಲಿಲ್ಲ, ಅದಕ್ಕೂ ಬೈಗುಳ.

ಬೂನ್ ಅನ್ನುವ ಹೆಸರು ಅವಳ ನಾಲಿಗೆಗೆ ಬರಲಿಲ್ಲ. ಅಂಗಡಿಯ ಮೊದಲ ವ್ಯಾಪಾರಕ್ಕೆ ನಾವು ಬೋಣಿ ಅನ್ನುವುದಿಲ್ಲವೇ, ಇವನು ಅದೇ ಬೋಣಿ ಆದ. ‘ನಿನ್ ಬೋಣಿ ಬಂದವ್ನೆ ನೋಡು’ ಅನ್ನುತ್ತಿದ್ದಳು. ಅವನಿಗೆ ಅನ್ನ ಬಡಿಸುತ್ತಿದ್ದಳು, ಖಾರ ಕಡಿಮೆ ಮಾಡುತ್ತಿದ್ದಳು. ಮದುವೆಯ ಮಾತು ಮಾತ್ರ ಎತ್ತಲು ಬಿಡುತ್ತಿರಲಿಲ್ಲ. ನಾನು ಬಾಯಿ ತೆರೆದರೆ, ‘ಬಟ್ಟೆ ತೆಗೀತೀನಿ, ಮಳೆ ಬತ್ತೈತೆ’ ಅಂತ ಎದ್ದುಬಿಡುವಳು. ಒಂದು ದಿನ ಮಾತ್ರ, ಬೇಳೆ ಆರಿಸುತ್ತಾ, ತಲೆ ಎತ್ತದೆ ಹೇಳಿದಳು: ‘ಹುಡುಗ ಒಳ್ಳೇವ್ನೆ ಕಣಮ್ಮ. ಅವ್ನೂ ಒಳ್ಳೇವ್ನೇ ಇದ್ದ. ಒಳ್ಳೇದು ಕೆಟ್ಟದ್ದು ನನಗೆ ಗೊತ್ತಾಗುತ್ತೆ. ಉಳಿಯೋದು ಹೋಗೋದು ಗೊತ್ತಾಗಲ್ಲ.’ ಮೊದಲ ಗಂಡನ ಬಗ್ಗೆ ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ನಾನು ಅವಳ ಎದುರು ಕೂತು ಕಲ್ಲು ಆರಿಸಿದೆ.

ನಮ್ಮ ಬೀದಿಯ ಕೊನೆಯಲ್ಲೇ ಆ ದೇವಸ್ಥಾನ. ಬೂನ್‌ನ ತಾಯಿ ದಿನಾ ಅಲ್ಲಿಗೆ ಹೋಗಿ ದೀಪಕ್ಕೆ ಎಣ್ಣೆ ಹಾಕುವುದು, ಉರಿದು ಮುಗಿದ ಊದುಬತ್ತಿಯ ಕಡ್ಡಿ ಕಿತ್ತು ಗುಡ್ಡೆ ಹಾಕುವುದು ಮಾಡುತ್ತಿದ್ದರು. ಅಮ್ಮನನ್ನು ಅವರಿಗೆ ಪರಿಚಯ ಮಾಡಿಸಲು ಒಂದು ಸಂಜೆ ಕರೆದುಕೊಂಡು ಹೋದೆವು. ಬರಿಗೈಯಲ್ಲಿ ದೇವಸ್ಥಾನಕ್ಕೆ ಹೋಗುವುದು ಹೇಗೆ ಅಂತ ಅಮ್ಮ ತಮಿಳರ ಅಂಗಡಿಯಲ್ಲಿ ತೆಂಗಿನಕಾಯಿ ತೆಗೆದುಕೊಂಡಳು. ದೂರದಿಂದಲೇ ಮಾಡಿನ ಮೇಲಿನ ಡ್ರ್ಯಾಗನ್ ನೋಡಿ, ‘ಕಾಲಿರೋ ಹಾವು’ ಅಂದಳು. ಸೂರಿನಿಂದ ಜೋತುಬಿದ್ದ, ಸುರುಳಿ ಸುರುಳಿಯಾಗಿ ಸುತ್ತಿದ ದೊಡ್ಡ ದೊಡ್ಡ ಊದುಬತ್ತಿಗಳನ್ನು ಕಂಡಾಗಂತೂ ನಿಂತೇಬಿಟ್ಟಳು. ‘ಏನಮ್ಮ ಇಷ್ಟ್ ದೊಡ್ಡ ಸೊಳ್ಳೆಬತ್ತಿ! ಇವ್ರ ದೇವ್ರಿಗೂ ಸೊಳ್ಳೆ ಕಾಟವಾ?’

ಜನ ಚಪ್ಪಲಿ, ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ಅಮ್ಮನ ಮುಖ ಸಿಂಡರಿಸಿತು. ತಾನು ಮಾತ್ರ ಚಪ್ಪಲಿಯನ್ನು ಹೊರಗೆ, ರಸ್ತೆಯ ಅಂಚಿನಲ್ಲಿ, ಜೋಡಿಸಿ ಬಿಟ್ಟಳು. ಬಾಗಿಲಿಗೆ ಬಂದಾಗ ಮೊಣಕಾಲೆತ್ತರದ ಹೊಸ್ತಿಲು. ಮುಂದೆ ಹೋಗುತ್ತಿದ್ದ ಒಂದು ಮಗು ಅದರ ಮೇಲೆ ಕಾಲಿಡಲು ಹೋಯಿತು, ಅದರ ತಾಯಿ ಥಟ್ಟನೆ ಹಿಂದಕ್ಕೆಳೆದು ಗದರಿಸಿ, ದಾಟಿಸಿಕೊಂಡು ಹೋದಳು. ಅಮ್ಮನ ಮುಖ ಅಲ್ಲೇ ಸಡಿಲವಾಯಿತು. ‘ಹೊಸ್ಲು ತುಳೀಬಾರ್ದು ಅಂತ ಇವ್ರಿಗೂ ಗೊತ್ತೈತೆ ಕಣೇ’ ಅಂದು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟಿದಳು.

ಒಳಗೆ ಬಿಳಿ ಉಡುಗೆಯ, ಶಾಂತ ಮುಖದ ದೇವಿ. ಕರುಣೆಯ ದೇವತೆ ಅಂತ ಬೂನ್ ಹೇಳಿದ್ದನ್ನು ನಾನು ಕನ್ನಡಕ್ಕೆ ಹೇಳಿದೆ. ಅಮ್ಮ ‘ಚೀನಿ ಅಮ್ಮೋರು’ ಅಂತ ಹೆಸರಿಟ್ಟುಬಿಟ್ಟಳು. ತೆಂಗಿನಕಾಯಿ ಒಡೆಯಲು ಕಲ್ಲು ಹುಡುಕಿದಳು, ಇರಲಿಲ್ಲ. ಬೂನ್‌ನ ತಾಯಿ ಅದನ್ನು ತೆಗೆದುಕೊಂಡು ಕಿತ್ತಳೆ ಹಣ್ಣಿನ ಸಾಲಿನಲ್ಲಿ ಹಾಗೇ ಇಟ್ಟರು. ‘ಒಡೀದೆ ಇದ್ರೆ ದೇವ್ರಿಗೆ ಹೆಂಗೆ ಸೇರುತ್ತೆ?’ ಅಂತ ಅಮ್ಮ ಗೊಣಗಿದಳು. ಮಂಗಳಾರತಿಯಿಲ್ಲ, ತೀರ್ಥವಿಲ್ಲ. ಸುಮ್ಮನೆ ಹಿಂತಿರುಗಲು ಅವಳಿಗೆ ಮನಸ್ಸು ಬರಲಿಲ್ಲ. ಊದುಬತ್ತಿ ಸಿಗಿಸುವ ದೊಡ್ಡ ಪಾತ್ರೆಯಿಂದ ಒಂದು ಚಿಟಿಕೆ ಬೂದಿ ತೆಗೆದು ಹಣೆಗೆ ವಿಭೂತಿಯಂತೆ ಎಳೆದುಕೊಂಡಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಬೂನ್‌ನ ತಾಯಿ ಅಮ್ಮನ ಹಣೆಯನ್ನೇ ಸ್ವಲ್ಪ ಹೊತ್ತು ನೋಡಿ, ತಾವೂ ಒಂದು ಚಿಟಿಕೆ ತೆಗೆದು ಹಚ್ಚಿಕೊಂಡರು.

ಅಷ್ಟರಲ್ಲಿ ಹೊರಗೆ ಮಳೆ ಹೊಡೆಯತೊಡಗಿತ್ತು. ಬಾಗಿಲಿಗೆ ಬಂದು ನೋಡಿದರೆ ಅಮ್ಮನ ಚಪ್ಪಲಿ ನೀರಿನ ಮೇಲೆ ತೇಲಿಕೊಂಡು ಚರಂಡಿ ಕಡೆ ಹೊರಟಿದೆ. ಬೂನ್ ಮಳೆಯಲ್ಲಿ ಓಡಿದ. ಒಂದು ಚಪ್ಪಲಿ ಹೋಗೇ ಹೋಯಿತು. ಇನ್ನೊಂದನ್ನು ಹಿಡಿದು, ನೀರು ಒದರಿ, ಎರಡೂ ಕೈಯಲ್ಲಿ ಅಮ್ಮನ ಮುಂದೆ ಚಾಚಿದ. ಅವರಲ್ಲಿ ಹಿರಿಯರಿಗೆ ಏನು ಕೊಟ್ಟರೂ ಎರಡು ಕೈಯಲ್ಲಿ ಕೊಡಬೇಕು. ಅಮ್ಮ ಕೂಗಿಕೊಂಡಳು. ‘ಅಯ್ಯಯ್ಯೋ, ಚಪ್ಲಿ ಮುಟ್ಬುಟ್ನಲ್ಲೇ! ಕೆಳೀಕ್ ಹಾಕಪ್ಪ ಬೋಣಿ, ಕೆಳೀಕ್ ಹಾಕು!’ ಅವನಿಗೆ ಅರ್ಥವಾಗದೆ ಇನ್ನೂ ಮುಂದಕ್ಕೆ ಚಾಚಿದ. ಕೊನೆಗೆ ಅಮ್ಮ ಅವನ ಕೈ ಹಿಡಿದು, ತನ್ನ ಸೆರಗಿನಿಂದಲೇ ಒರೆಸಿದಳು. ಬೂನ್‌ನ ತಾಯಿ ತಮ್ಮ ರಬ್ಬರ್ ಚಪ್ಪಲಿ ಕೊಟ್ಟರು. ಅಮ್ಮ ಹಿಂದೂಪುರಕ್ಕೆ ವಾಪಸು ಬಂದದ್ದು ಅದೇ ಚಪ್ಪಲಿಯಲ್ಲಿ.

ಆಮೇಲೆ ಅಮ್ಮ ಒಬ್ಬಳೇ ಅಲ್ಲಿಗೆ ಹೋಗತೊಡಗಿದಳು. ನಾನು ಕೆಲಸದಿಂದ ಬರುವ ಹೊತ್ತಿಗೆ ಇಬ್ಬರೂ ತಾಯಂದಿರು ದೇವಸ್ಥಾನದ ಜಗಲಿಯಲ್ಲಿ ಮಳೆಗೆ ಬೆನ್ನು ಮಾಡಿ ಕೂತು, ದೇವರ ಮುಂದೆ ಸುಡುವ ಚಿನ್ನದ ಬಣ್ಣದ ಕಾಗದ ಮಡಿಸುತ್ತಿರುತ್ತಿದ್ದರು. ಎಳೆ ಹಿಡಿದು ಪಳಗಿದ ಕೈ, ಅಮ್ಮನ ಮಡಿಕೆ ಚುರುಕು. ‘ಸುಡೋಕೆ ಇಷ್ಟು ಅಂದವಾಗಿ ಮಡಿಸ್ತಾರಲ್ಲ’ ಅಂತ ಅವಳ ಅಚ್ಚರಿ. ಅವರದು ಹೊಕ್ಕಿಯನ್ ಅನ್ನುವ ಚೀನಿ ಮಾತು, ಇವಳದು ಅರ್ಧ ಕನ್ನಡ ಅರ್ಧ ತೆಲುಗು. ಏನು ಮಾತಾಡುತ್ತಿದ್ದರೋ, ಮಾತಿಗಂತೂ ಬರವಿರಲಿಲ್ಲ. ಅಲ್ಲಿ ಜನ ದೇವಿಯ ಮುಂದೆ ಎರಡು ಮರದ ತುಂಡು ಎಸೆದು ಪ್ರಶ್ನೆ ಕೇಳುವುದನ್ನು ಅಮ್ಮ ದಿನಾ ನೋಡುತ್ತಿದ್ದಳಂತೆ. ಕೆಂಪು ಬಣ್ಣ ಬಳಿದ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು ಇರುವ, ತುದಿ ಚೂಪಾದ ತುಂಡುಗಳು. ‘ಮಗ್ಗದ ಲಾಳೀನ ಉದ್ದಕ್ಕೆ ಸೀಳಿದಂಗೈತೆ’ ಅಂತ ನನಗೆ ವರ್ಣಿಸಿದ್ದಳು. ತಾನೂ ಕೇಳುತ್ತಾಳೇನೋ ಅಂತ ನಾನು ಕಾದೆ. ಅವಳು ಅಷ್ಟಕ್ಕೇ ನಿಲ್ಲಿಸಿದಳು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅಮ್ಮ ತಲೆಗೆ ಸ್ನಾನ ಮಾಡಿ, ಪೂರ್ತಿ ಒಣಗದ ರೇಷ್ಮೆ ಸೀರೆಯನ್ನೇ ಉಟ್ಟು, ‘ನಡಿ, ಬೋಣಿಗೂ ಬರಕ್ಕೆ ಹೇಳು, ದೇವ್ರನ್ನ ಕೇಳಬೇಕು’ ಅಂದಳು. ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದವಳು ಈಗ ಕೇಳಿ, ಬೇಡ ಅಂತ ಬಂದುಬಿಟ್ಟರೆ? ‘ನಮ್ಮ ದೇವರನ್ನ ಬಿಟ್ಟು ಇಲ್ಯಾಕಮ್ಮ?’ ಅಂದೆ. ‘ಇದು ಅವ್ರ ಮನೆ ದೇವ್ರು. ಅವ್ರ ಮಗನ ಸಂಗತಿ ಈ ಅಮ್ಮೋರಿಗೆ ಗೊತ್ತಿರುತ್ತೆ, ಸೆಟ್ಟೂರಲ್ಲಿ ಕುಂತ್ಕಂಡ್ ಅವ್ಳಿಗೇನ್ ಗೊತ್ತು?’ ಅಂದಳು. ನಾನು ಬೂನ್‌ಗೆ ಫೋನ್ ಮಾಡಿದೆ.

ಬೂನ್‌ನ ತಾಯಿ ನಿಯಮ ಹೇಳಿದರು, ಬೂನ್ ಇಂಗ್ಲಿಷಿಗೆ ಹೇಳಿದ, ನಾನು ಕನ್ನಡಕ್ಕೆ. ಮೊದಲು ಹೆಸರು, ಊರು ಹೇಳಬೇಕು. ಆಮೇಲೆ ಪ್ರಶ್ನೆ ಕೇಳಿ ತುಂಡು ಎಸೆಯಬೇಕು. ಒಂದು ಚಪ್ಪಟೆ ಒಂದು ಉಬ್ಬು ಮೇಲೆ ಬಂದರೆ ಹೌದು. ಎರಡೂ ಉಬ್ಬು ಮೇಲಾದರೆ ಇಲ್ಲ. ಎರಡೂ ಚಪ್ಪಟೆ ಮೇಲಾಗಿ ಬಿದ್ದರೆ ದೇವಿ ನಗುತ್ತಿದ್ದಾಳೆ ಅಂತ ಲೆಕ್ಕ, ಪ್ರಶ್ನೆ ಅವಳಿಗೆ ಸರಿಯಾಗಿ ತಿಳಿದಿಲ್ಲ, ಇನ್ನೊಂದು ಸಲ ಕೇಳಬೇಕು. ಅಮ್ಮ ಹೂಂಗುಟ್ಟಿದಳೇ ಹೊರತು, ಎಷ್ಟು ಕಿವಿಗೆ ಹಾಕಿಕೊಂಡಳೋ ಗೊತ್ತಾಗಲಿಲ್ಲ.

ಮಂಡಿಯೂರಿ ಕೂತು, ತುಂಡುಗಳನ್ನು ಕಣ್ಣಿಗೊತ್ತಿಕೊಂಡು, ಗಟ್ಟಿಯಾಗಿಯೇ ಹೇಳಿದಳು: ‘ತಾಯೀ, ನಮ್ದು ಹಿಂದೂಪುರ. ನಮ್ ಹುಡುಗೀನ ಈ ಮನೆಗೆ ಕೊಡಬೌದಾ? ಹೇಳವ್ವ.’ ಎಸೆಯುತ್ತಾಳೆ ಅಂತ ನಾವೆಲ್ಲ ಬಗ್ಗಿದೆವು. ಅವಳು ಎಸೆಯಲಿಲ್ಲ. ಏನೋ ಯೋಚಿಸಿ ಮತ್ತೆ ಶುರು ಮಾಡಿದಳು: ‘ಅಮ್ಮಾ, ಮಾದಿ ಹಿಂದೂಪುರಂ. ಮಾ ಅಮ್ಮಾಯಿನಿ ಈ ಇಂಟಿಕಿ ಇಯ್ಯೊಚ್ಚಾ ತಲ್ಲೀ?’ ಕನ್ನಡ ಬಾರದಿದ್ದರೆ ತೆಲುಗಾದರೂ ಬಂದೀತು ಅಂತ! ಗಡಿಯಲ್ಲಿರುವ ನಮ್ಮ ಊರಿನ ಆಫೀಸುಗಳಲ್ಲಿ ಹೀಗೇ ತಾನೇ ಮಾಡುವುದು, ಒಂದರಲ್ಲಿ ಕೆಲಸವಾಗದಿದ್ದರೆ ಇನ್ನೊಂದರಲ್ಲಿ. ಆಮೇಲೆ ಕೈ ಬಿಟ್ಟಳು.

ತುಂಡುಗಳು ಎಗರಿ, ಉರುಳಿ, ಅವಳ ಬಲಗಡೆಗೆ ಬಂದು ಬಿದ್ದವು. ಎರಡೂ ಚಪ್ಪಟೆ ಮೇಲೆ. ಉಬ್ಬಿನ ಮೇಲೆ ನಿಂತು ಸ್ವಲ್ಪ ಹೊತ್ತು ತೂಗಾಡಿದವು. ಬೂನ್‌ನ ತಾಯಿ ಪಕ್ಕನೆ ನಕ್ಕು ಏನೋ ಹೇಳಿದರು. ಬೂನ್ ನಗು ತಡೆದುಕೊಂಡು ನನಗೆ ಹೇಳಿದ: ‘ಇವರು ಎರಡು ಭಾಷೆಯಲ್ಲಿ ಕೇಳಿದರಲ್ಲ, ಯಾವುದಕ್ಕೆ ಉತ್ತರ ಕೊಡಬೇಕೋ ತಿಳಿಯದೆ ದೇವಿ ನಗುತ್ತಿದ್ದಾಳಂತೆ.’ ಹೆದರಿಕೆಯೆಲ್ಲ ಒಮ್ಮೆಲೇ ಕಿತ್ತುಕೊಂಡು ಬಂದಂತೆ ನಾನು ನಕ್ಕುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಕಂಬ ಹಿಡಿದುಕೊಂಡು ನಕ್ಕೆ. ಬೂನ್ ಕೂಡ ನಕ್ಕ. ಅಮ್ಮ ಮಂಡಿಯೂರಿದಲ್ಲೇ ತಲೆ ಎತ್ತಿ ನನ್ನ ಕಡೆ ನೋಡಿದಳು. ಚೀಲ ಕೇಳುತ್ತಿದ್ದಾಳೆ ಅಂದುಕೊಂಡು ಚೀಲ ಚಾಚಿದೆ.

ದೇವಿ ನಗುತ್ತಿದ್ದಾಳಂತೆ, ಇನ್ನೊಂದು ಸಲ ಎಸೆಯಬೇಕಂತೆ ಅಂತ ಹೇಳಿದೆ. ಅಮ್ಮ ತುಂಡುಗಳನ್ನು ಎತ್ತಿ, ದೇವಿಯ ಮುಂದೆ ನೆಟ್ಟಗೆ ಜೋಡಿಸಿಟ್ಟು, ಮಂಡಿ ಹಿಡಿದುಕೊಂಡು ಎದ್ದಳು. ‘ಇನ್ನೇನು ಎಸೆಯೋದು? ಹುಡುಗಿ ನಕ್ಬುಟ್ಳಲ್ಲ. ನಮ್ ಕಡೆ ಹೆಣ್ ನೋಡಕ್ಕೆ ಬಂದಾಗ ಹುಡುಗಿ ನಕ್ರೆ ಒಪ್ದಂಗೆ. ನಡೀರಿ, ಕೊಟ್ಟೆ ಅಂತ ಬೀಗಿತ್ತಿಗೆ ಹೇಳು.’

ಇದನ್ನು ಬೂನ್‌ನ ತಾಯಿಗೆ ಹೇಳಿದಾಗ ಅವರು ಸೊಂಟ ಹಿಡಿದುಕೊಂಡು ನಕ್ಕರು. ಎಷ್ಟೋ ಸಾವಿರ ಜನ ಕೈಮುಗಿಯುವ ದೇವಿಯನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತ ಹುಡುಗಿ ಮಾಡಿಬಿಟ್ಟಳಲ್ಲ ಈ ಇಂಡಿಯಾದ ಬೀಗಿತ್ತಿ ಅಂತ! ಎಣ್ಣೆ ಹಾಕಲು ಬಂದವರಿಗೆ, ತರಕಾರಿಯವಳಿಗೆ, ನಮ್ಮ ಮದುವೆಗೆ ಬಂದವರಿಗೆ, ಎಲ್ಲರಿಗೂ ಹೇಳಿದರು. ಬೂನ್ ಈಗಲೂ ಸಿಕ್ಕಿದವರಿಗೆ ಹೇಳುತ್ತಾನೆ. ನಾನೂ ಹಾಗೇ ತಿಳಿದಿದ್ದೆ. ತುಂಡು ಬಲಗಡೆ ಬಿತ್ತು, ದೇವಿಯೂ ನಕ್ಕಳು ಅಂತ ಎರಡೂ ಕೂಡಿಸಿ ಅಮ್ಮ ಒಪ್ಪಿಕೊಂಡಳು ಅಂತ. ತಪ್ಪು ಲೆಕ್ಕವೇ ಆಗಲಿ, ನನಗೆ ಒಳ್ಳೆಯದೇ ಆಯಿತಲ್ಲ ಅಂತ ಸುಮ್ಮನಿದ್ದೆ.

ಜೀಪು ಬಂತು. ಮೂವರೂ ಒತ್ತಿಕೊಂಡು ಕೂತು, ಒಣಗಿದ ಹೊಲಗಳನ್ನು ದಾಟಿ ದೇವರಿದ್ದ ಊರಿಗೆ ಹೋದೆವು. ಅಳಿಯನನ್ನು ಮನೆದೇವರಿಗೆ ತೋರಿಸಬೇಕು ಅಂತ ಅಮ್ಮನದೇ ಹಟ. ಪೂಜಾರಿ ಹೂ ನೆನೆಸಿಟ್ಟುಕೊಂಡು, ‘ಏನ್ ಕೇಳಬೇಕಮ್ಮ?’ ಅಂದ. ‘ಏನೂ ಕೇಳೋದಿಲ್ಲ ಕಣಪ್ಪ. ಪೂಜೆ ಮಾಡು ಸಾಕು’ ಅಂದಳು.

ಪೂಜೆ ಮುಗಿದ ಮೇಲೆ ಪೂಜಾರಿಗೆ ಬೂನ್‌ನನ್ನು ಮಾತಾಡಿಸುವ ಆಸೆ. ಬೂನ್‌ಗೂ ಬೇಕಿದ್ದದ್ದು ಅದೇ. ಚೀನಿ ಅಮ್ಮೋರ ಕಥೆ ತೆಗೆದ, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಪೂಜಾರಿ ಹೊಟ್ಟೆ ಕುಣಿಸಿ ನಕ್ಕ. ‘ಏನಮ್ಮೋ, ದೇವೀನೇ ಹುಡುಗಿ ಅಂದ್ಬುಟ್ಯಾ?’

ಕುಂಕುಮ ಇಟ್ಟುಕೊಳ್ಳುತ್ತಿದ್ದ ಅಮ್ಮ ನಿಧಾನವಾಗಿ ತಿರುಗಿದಳು. ‘ಯಾರು ಹಂಗಂದಿದ್ದು? ದೇವೀನ ಯಾರಾದ್ರೂ ಹುಡುಗಿ ಅಂತಾರೇನಪ್ಪ? ನಾನು ಅಂದಿದ್ದು ಇವಳನ್ನ.’

ನನ್ನ ಕಡೆ ಕೈ ತೋರಿಸಿದಳು.

‘ಆ ತುಂಡು ಎತ್ಲಾಗ್ ಬಿದ್ವೋ ನಾನು ನೋಡ್ಲೇ ಇಲ್ಲ. ಬಲಗಡೆ ಬಿದ್ದಿದ್ದು ಒಂದ್ಸಲ ನೋಡಿ ಕೊಟ್ಟಿರಲಿಲ್ವಾ? ಅವ್ನು ಹೋದ್ಮೇಲೆ ಇವಳು ನಕ್ಕಿದ್ದನ್ನ ನಾನು ಕಂಡೇ ಇರಲಿಲ್ಲ ಕಣಪ್ಪ. ಹಲ್ಲು ಬಿಡೋಳು, ನಗ್ತಿರಲಿಲ್ಲ. ಅವತ್ತು ಆ ಹುಡುಗನ ಪಕ್ಕ ನಿಂತ್ಕಂಡು, ಕಂಬ ಹಿಡ್ಕಂಡು, ಚಿಕ್ಕೋಳಿದ್ದಾಗ ನಗ್ತಿದ್ದಂಗೆ ನಕ್ಬುಟ್ಳು. ಇನ್ಯಾವ ದೇವ್ರನ್ನ ಏನ್ ಕೇಳ್ಲಿ?’

ಅಮ್ಮ ಏನು ಹೇಳಿದಳು ಅಂತ ಬೂನ್ ನನ್ನನ್ನು ಕೇಳಿದ. ಹೇಳಲು ಹೋದೆ, ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅವನು ಮತ್ತೆ ಕೇಳುವಷ್ಟರಲ್ಲಿ ಅಮ್ಮ ಚೀಲದಿಂದ ತೆಂಗಿನಕಾಯಿ ತೆಗೆದು ಅವನ ಎರಡೂ ಕೈಗೆ ಕೊಟ್ಟು, ಬಾಗಿಲಾಚೆಯ ಕಲ್ಲು ತೋರಿಸಿದಳು.

‘ಒಡಿ, ಬೋಣಿ. ಇಲ್ಲಿ ಒಡೀಬೌದು.’